ಕೆಲಸದ ಜಾಗದಲ್ಲಿ ಕ್ಷೇಮ: ಎಚ್‌ಆರ್ ಮಾಡುವುದೇನು, ಮಾಡದಿರುವುದೇನು

2020ರ ಡಿಸೆಂಬರ್ 12ರ ಬೆಳಗಿನ ಜಾವ ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ರೊಚ್ಚಿಗೆದ್ದರು. ಗಾಜುಗಳು ಪುಡಿಯಾದವು, ವಾಹನಗಳು ಉರುಳಿದವು, ನೂರಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಬಂಧಿಸಿದರು. ಮೊದಲ ಕೆಲವು ದಿನ ಎಲ್ಲೆಡೆ ಓಡಿದ್ದು ಒಡೆದ ಗಾಜಿನ ದೃಶ್ಯಗಳು ಮತ್ತು ಇದರ ಹಿಂದೆ ಯಾರ ಕೈವಾಡವಿದೆ ಎಂಬ ಚರ್ಚೆ. ರಾಜ್ಯದ ಕಾರ್ಖಾನೆಗಳ ಇಲಾಖೆಯವರು ಒಳಗೆ ಹೋಗಿ ಕಡತ ತೆರೆದಾಗ ಕಂಡದ್ದು ಬೇರೆಯೇ ಕಥೆ. ಕಾರ್ಮಿಕರ ಸಂಖ್ಯೆ ಕೆಲವೇ ತಿಂಗಳಲ್ಲಿ 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರನ್ನು ನಿಭಾಯಿಸಲು, ಕಾರ್ಮಿಕ ಕಾನೂನು ಬಲ್ಲ ಸಿಬ್ಬಂದಿ ಅಲ್ಲಿನ ಎಚ್‌ಆರ್ ವಿಭಾಗದಲ್ಲಿ ಸಾಕಷ್ಟು ಇರಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಗಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ಕೈಕೊಟ್ಟಿತ್ತು. ಆ್ಯಪಲ್ ಕಂಪನಿ ತಾನೂ ತಪಾಸಣೆ ನಡೆಸಿತು. ದುಡಿಮೆಯ ಗಂಟೆಗಳ ಲೆಕ್ಕ ಸರಿಯಾಗಿ ಇಡದ ಕಾರಣ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಕೆಲವರ ಸಂಬಳ ತಡವಾಗಿದೆ ಎಂದು ಹೇಳಿ, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ಇಳಿಸಿತು.

ನೌಕರರ ಕ್ಷೇಮ ಎಂದೊಡನೆ ಕಂಪನಿಗಳ ಪ್ರಕಟಣೆಗಳಲ್ಲಿ ಯೋಗ ದಿನ, ಆಟೋಟ, ಕೌನ್ಸೆಲಿಂಗ್ ಆ್ಯಪ್‌ಗಳ ಮಾತು ಬರುತ್ತದೆ. ನರಸಾಪುರದಲ್ಲಿ ಕೆಟ್ಟದ್ದು ಹಾಜರಿ ಯಂತ್ರ, ಪಾಳಿ ಪಟ್ಟಿ ಮತ್ತು ಸಂಬಳದ ಲೆಕ್ಕ. ಕಳೆದ ನಲವತ್ತೈದು ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೂ ತೂಕ ಬೀಳುವುದು ಇಂಥ ನೀರಸ ಸಂಗತಿಗಳ ಕಡೆಗೇ.

ಕ್ಷೇಮ ಎಂದರೆ ಯಾವುದು?

ನೇಮಕಾತಿ, ತರಬೇತಿ, ಸಂಬಳ, ಬಡ್ತಿ, ಕೆಲಸದ ಮೌಲ್ಯಮಾಪನ, ಪಾಳಿ ಹಂಚಿಕೆ, ರಜೆ, ದೂರು ಆಲಿಸುವುದು, ಕೆಲಸದಿಂದ ತೆಗೆಯುವುದು, ಇವೆಲ್ಲ ಮಾನವ ಸಂಪನ್ಮೂಲ ನಿರ್ವಹಣೆಯ ವ್ಯಾಪ್ತಿಗೆ ಬರುತ್ತವೆ. ಇವುಗಳಲ್ಲಿ ಹಲವನ್ನು ದಿನನಿತ್ಯ ಜಾರಿ ಮಾಡುವವರು ಎಚ್‌ಆರ್‌ನವರಲ್ಲ. ಸೂಪರ್‌ವೈಸರ್, ಟೀಮ್ ಲೀಡ್, ಮ್ಯಾನೇಜರ್. ಕಾಗದದ ಮೇಲಿನ ನೀತಿ ಎಷ್ಟೇ ಚೆನ್ನಾಗಿದ್ದರೂ ನೌಕರನಿಗೆ ತಲುಪುವುದು ಇವರ ಬಾಯಿಂದ ಬಂದ ರೂಪದಲ್ಲಿ. ‘ರಜೆ ಇದೆ, ಆದರೆ ಈ ವಾರ ಕೇಳಬೇಡ’ ಎಂಬ ಮಾತು ಯಾವ ಕೈಪಿಡಿಯಲ್ಲೂ ಇರುವುದಿಲ್ಲ.

ಕ್ಷೇಮವನ್ನು ಸಂಶೋಧಕರು ಸಾಮಾನ್ಯವಾಗಿ ಮೂರು ಎಳೆಗಳಾಗಿ ಬಿಡಿಸುತ್ತಾರೆ: ಕೆಲಸದಲ್ಲಿ ಸಂತೃಪ್ತಿ, ದೇಹ ಮತ್ತು ಮನಸ್ಸಿನ ಆರೋಗ್ಯ, ಮೇಲಿನವರು ಮತ್ತು ಜೊತೆಯವರ ಮೇಲಿನ ನಂಬಿಕೆ. ಈ ಮೂರೂ ಒಟ್ಟಿಗೆ ಏರುತ್ತವೆ ಎಂದು ನಾವು ಸಲೀಸಾಗಿ ಊಹಿಸುತ್ತೇವೆ. ನೆದರ್ಲೆಂಡ್ಸ್‌ನ ಕರೀನಾ ವಾನ್ ಡಿ ವೂರ್ಡೆ ಮತ್ತು ಸಂಗಡಿಗರು 36 ಅಧ್ಯಯನಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಲೇಖನ ಈ ಊಹೆಯನ್ನು ಮುರಿಯಿತು. ಒಳ್ಳೆಯ ಎಚ್‌ಆರ್ ಪದ್ಧತಿಗಳಿಂದ ಸಂಸ್ಥೆಯ ಸಾಧನೆಯೂ ಏರುತ್ತದೆ, ಸಂತೃಪ್ತಿ ಮತ್ತು ನಂಬಿಕೆಯೂ ಏರುತ್ತವೆ. ಆರೋಗ್ಯದ ವಿಷಯದಲ್ಲಿ ಹಾಗೆ ಹೇಳಲಾಗದು. ಅಲ್ಲಿ ಕಂಪನಿಯ ಲಾಭವೂ ನೌಕರನ ದೇಹವೂ ಎದುರುಬದುರು ನಿಲ್ಲುವ ಸಾಧ್ಯತೆ ಇದೆ. ಕೆಲಸ ಇಷ್ಟ, ಬಾಸ್ ಒಳ್ಳೆಯವರು, ಸಂಬಳ ಚೆನ್ನಾಗಿದೆ, ಆದರೆ ಬಿಪಿ ಮಾತ್ರೆ ಶುರುವಾಗಿದೆ ಎನ್ನುವ ಮೂವತ್ತೈದರ ಆಸುಪಾಸಿನ ಗೆಳೆಯರು ಬೆಂಗಳೂರಿನಲ್ಲಿ ಯಾರಿಗಿಲ್ಲ? ಸಂತೃಪ್ತಿ ಸಮೀಕ್ಷೆಯಲ್ಲಿ ಅವರು ಹತ್ತಕ್ಕೆ ಒಂಬತ್ತು ಕೊಡುತ್ತಾರೆ.

ಜಮ್‌ಶೆಡ್‌ಪುರದಿಂದ ಲೇಬರ್ ಕೋಡ್‌ವರೆಗೆ

ಭಾರತದಲ್ಲಿ ಈ ವಿಚಾರ ಹೊರದೇಶದ ಮ್ಯಾನೇಜ್‌ಮೆಂಟ್ ಪುಸ್ತಕದಿಂದ ಬಂದದ್ದಲ್ಲ. ಟಾಟಾ ಸ್ಟೀಲ್ ಜಮ್‌ಶೆಡ್‌ಪುರದಲ್ಲಿ 1912ರಲ್ಲೇ ಎಂಟು ಗಂಟೆಯ ದಿನ ಜಾರಿ ಮಾಡಿತು. 1915ರಲ್ಲಿ ಉಚಿತ ವೈದ್ಯಕೀಯ ನೆರವು, 1917ರಲ್ಲಿ ಕಲ್ಯಾಣ ವಿಭಾಗ, 1920ರಲ್ಲಿ ಸಂಬಳಸಹಿತ ರಜೆ ಮತ್ತು ಭವಿಷ್ಯನಿಧಿ, 1928ರಲ್ಲಿ ಹೆರಿಗೆ ಸೌಲಭ್ಯ ಬಂದವು. ಇವುಗಳಲ್ಲಿ ಹೆಚ್ಚಿನವು ದೇಶದ ಕಾನೂನಾಗಲು ಸ್ವಾತಂತ್ರ್ಯ ಬರಬೇಕಾಯಿತು.

1948ರ ಕಾರ್ಖಾನೆ ಕಾಯ್ದೆ ಕ್ಷೇಮವನ್ನು ಅಂಕಿಗಳಲ್ಲಿ ಬರೆದಿಟ್ಟಿತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ. ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ. 250ಕ್ಕಿಂತ ಹೆಚ್ಚು ಜನರಿದ್ದರೆ ಕ್ಯಾಂಟೀನು. 500 ಅಥವಾ ಹೆಚ್ಚು ಕಾರ್ಮಿಕರಿದ್ದಲ್ಲಿ ಕಲ್ಯಾಣಾಧಿಕಾರಿ. ಈ ಕಲ್ಯಾಣಾಧಿಕಾರಿಯೇ ಇಂದಿನ ಎಚ್‌ಆರ್ ಮ್ಯಾನೇಜರ್‌ನ ಹಿರಿಯಜ್ಜ. ಒಂದು ವ್ಯತ್ಯಾಸವಿತ್ತು: ಕಾರ್ಮಿಕನಿಗೂ ಮಾಲೀಕನಿಗೂ ನಡುವೆ ನಿಲ್ಲಬೇಕಾದ ವ್ಯಕ್ತಿ ಅವನು ಎಂಬ ಕಲ್ಪನೆ ಆಗ ಇತ್ತು. ಇಂದಿನ ಎಚ್‌ಆರ್ ತನ್ನನ್ನು ‘ವ್ಯವಹಾರದ ಪಾಲುದಾರ’ ಎಂದು ಕರೆದುಕೊಳ್ಳುತ್ತದೆ. ದೂರು ಹೇಳಲು ಹೋದವರಿಗೆ ಈ ಬದಲಾವಣೆಯ ಅರ್ಥ ಬೇಗ ಗೊತ್ತಾಗುತ್ತದೆ.

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಕಾರ್ಖಾನೆ ಕಾಯ್ದೆ ಅವುಗಳಲ್ಲಿ ಸೇರಿಹೋಯಿತು. ಕಲ್ಯಾಣಾಧಿಕಾರಿಯ ಮಿತಿ 500ರಿಂದ 250ಕ್ಕೆ, ಕ್ಯಾಂಟೀನಿನ ಮಿತಿ 100ಕ್ಕೆ ಇಳಿದಿದೆ. ಎಲ್ಲ ನೌಕರರಿಗೂ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಈ ಕೊನೆಯದು ಸಣ್ಣ ವಿಷಯದಂತೆ ಕಾಣಬಹುದು. ತಾನು ಯಾರ ಬಳಿ, ಎಷ್ಟು ಸಂಬಳಕ್ಕೆ ಕೆಲಸ ಮಾಡುತ್ತಿದ್ದೇನೆ ಎಂಬುದಕ್ಕೆ ಒಂದು ತುಂಡು ಕಾಗದವೂ ಇಲ್ಲದೆ ವರ್ಷಗಟ್ಟಲೆ ದುಡಿದವರು ನಮ್ಮಲ್ಲಿ ಅಸಂಖ್ಯ.

ಒತ್ತಡ ಎಲ್ಲಿ ಹುಟ್ಟುತ್ತದೆ?

ಹೆಚ್ಚು ಕೆಲಸ ಇದ್ದರೆ ಹೆಚ್ಚು ಒತ್ತಡ ಎನ್ನುವುದು ಅರ್ಧ ಸತ್ಯ. 1979ರಲ್ಲಿ ಅಮೆರಿಕದ ರಾಬರ್ಟ್ ಕರಾಸೆಕ್ ಇನ್ನರ್ಧವನ್ನು ತೋರಿಸಿದ. ಬೇಡಿಕೆ ಎಷ್ಟಿದೆ ಎಂಬುದರ ಜೊತೆಗೆ, ಆ ಕೆಲಸ ಯಾವಾಗ, ಹೇಗೆ ಮಾಡಬೇಕು ಎಂಬುದರ ಮೇಲೆ ಕೆಲಸಗಾರನಿಗೆ ಎಷ್ಟು ಹಿಡಿತವಿದೆ ಎಂಬುದೂ ಮುಖ್ಯ. ಬೇಡಿಕೆ ಜಾಸ್ತಿ, ಹಿಡಿತ ಕಡಿಮೆ ಇರುವಲ್ಲಿ ದೇಹ ಸೋಲುತ್ತದೆ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ಎರಡನೇ ವೈಟ್‌ಹಾಲ್ ಅಧ್ಯಯನ ಇದಕ್ಕೆ ಬಲ ಕೊಟ್ಟಿತು. ಮೈಕೆಲ್ ಮಾರ್ಮಟ್ ನೇತೃತ್ವದ ಈ ತಂಡ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಆರೋಗ್ಯವನ್ನು ನೋಡುತ್ತ ಬಂದಿದೆ. ಇವರು ಬಡವರಲ್ಲ, ಕೆಲಸದ ಭದ್ರತೆ ಇಲ್ಲದವರೂ ಅಲ್ಲ. ಆದರೂ ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದ ಕೆಳ ದರ್ಜೆಯವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. ಎಲ್ಲರಿಗೂ ಆದೇಶ ಕೊಡುವ ಮೇಲಧಿಕಾರಿಗಿಂತ ಅದನ್ನು ಪಾಲಿಸುವ ಗುಮಾಸ್ತನ ಎದೆಗೇ ಅಪಾಯ ಜಾಸ್ತಿ.

ಜರ್ಮನಿಯ ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಇನ್ನೊಂದು ಕಾರಣ ಸೇರಿಸಿದ: ಹಾಕಿದ ಶ್ರಮಕ್ಕೂ ಸಿಕ್ಕ ಪ್ರತಿಫಲಕ್ಕೂ ಇರುವ ಅಂತರ. ಪ್ರತಿಫಲ ಎಂದರೆ ಹಣದ ಜೊತೆಗೆ ಮರ್ಯಾದೆ, ಬಡ್ತಿ, ಕೆಲಸದ ಭದ್ರತೆ. ಈ ಅಂತರ ದೊಡ್ಡದಾಗಿ ವರ್ಷಗಟ್ಟಲೆ ಉಳಿದರೆ ಅದೂ ಹೃದಯಕ್ಕೆ ತಟ್ಟುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಅನ್ನು ತನ್ನ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿಯಲ್ಲಿ ವಿವರಿಸಿತು. ಅದನ್ನು ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಎಂದಿತು. ತೀರದ ದಣಿವು, ಕೆಲಸದ ಬಗ್ಗೆ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ, ಈ ಮೂರು ಲಕ್ಷಣಗಳನ್ನು ಹೇಳಿತು. ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡವೇ ಮೂಲ ಎಂದಿತು. ಯಾರು ನಿಭಾಯಿಸಬೇಕಿತ್ತು ಎಂಬುದನ್ನು ಮಾತ್ರ ಪ್ರತಿ ಕಂಪನಿಯೂ ತನಗೆ ಬೇಕಾದಂತೆ ಓದಿಕೊಳ್ಳುತ್ತದೆ.

ಬೆಂಗಳೂರಿನ ಗಾರ್ಮೆಂಟ್ಸ್ ಲೈನಿನಲ್ಲಿ

ಕಡಿಮೆ ಹಿಡಿತ, ಹೆಚ್ಚು ಬೇಡಿಕೆ ಎಂದರೇನು ಎಂದು ತಿಳಿಯಲು ಪೀಣ್ಯ, ಬೊಮ್ಮನಹಳ್ಳಿ ಅಥವಾ ಮೈಸೂರು ರಸ್ತೆಯ ಯಾವುದಾದರೂ ಗಾರ್ಮೆಂಟ್ಸ್ ಫ್ಲೋರಿಗೆ ಹೋಗಬೇಕು. ಉದ್ದಕ್ಕೆ ಮೆಷಿನ್‌ಗಳ ಸಾಲು, ಅದೇ ‘ಲೈನು’. ತುದಿಯಲ್ಲೊಂದು ಬೋರ್ಡು. ಗಂಟೆಗೊಮ್ಮೆ ಅದರ ಮೇಲೆ ಎರಡು ಅಂಕಿ ಬೀಳುತ್ತವೆ: ಟಾರ್ಗೆಟ್ ಎಷ್ಟು, ಆದದ್ದೆಷ್ಟು. ಒಬ್ಬಾಕೆ ಕಾಲರ್ ಹೊಲಿಯುತ್ತಾಳೆ, ಇನ್ನೊಬ್ಬಾಕೆ ಕಫ್, ಮತ್ತೊಬ್ಬಾಕೆ ಬರೀ ಗುಂಡಿಯ ಕಾಜ. ಕಾಲರ್ ಮೆಷಿನ್ನಿನ ಸೂಜಿ ಮುರಿದರೆ ಮುಂದಿನವಳ ಕೈ ಖಾಲಿ, ಇವಳ ಪಕ್ಕ ಬಂಡಲ್‌ಗಳ ಗುಡ್ಡೆ. ಮೆಕ್ಯಾನಿಕ್ ಬರುವ ತನಕ ಬೋರ್ಡಿನ ಅಂಕಿ ನಿಂತಿರುತ್ತದೆ, ಸೂಪರ್‌ವೈಸರ್‌ನ ದನಿ ಏರುತ್ತದೆ. ನೀರು ಕುಡಿದರೆ ಶೌಚಾಲಯಕ್ಕೆ ಏಳಬೇಕಾಗುತ್ತದೆ ಎಂದು ನೀರನ್ನೇ ಕಡಿಮೆ ಕುಡಿಯುವ ಹೆಂಗಸರಿದ್ದಾರೆ. ಇಲ್ಲಿ ದುಡಿಯುವವರಲ್ಲಿ ಹೆಂಗಸರೇ ಬಹುಪಾಲು, ಬೈಯುವ ಹುದ್ದೆಯಲ್ಲಿ ಹೆಚ್ಚಿನವರು ಗಂಡಸರು.

ಈ ಫ್ಲೋರುಗಳಲ್ಲೇ ಜಗತ್ತಿನ ಗಮನ ಸೆಳೆದ ಕೆಲವು ಪ್ರಯೋಗಗಳು ನಡೆದಿವೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಷಾಧಂ ಮತ್ತಿತರ ಅರ್ಥಶಾಸ್ತ್ರಜ್ಞರು ಗಾರ್ಮೆಂಟ್ಸ್ ಕಂಪನಿ ಶಾಹಿ ಎಕ್ಸ್‌ಪೋರ್ಟ್ಸ್ ಜೊತೆ ಸೇರಿ ಇವನ್ನು ನಡೆಸಿದರು. ಅವುಗಳಲ್ಲಿ ಅತ್ಯಂತ ಸರಳವಾದದ್ದು ದೀಪದ ಕಥೆ. ವಿದ್ಯುತ್ ಉಳಿಸಲೆಂದು ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದರು. ಎಲ್‌ಇಡಿ ಕಡಿಮೆ ಬಿಸಿ ಬಿಡುತ್ತದೆ. ಸೆಖೆಯ ದಿನಗಳಲ್ಲಿ ಕೆಲಸದ ವೇಗ ಕುಸಿಯುವುದು ಮೊದಲಿಗಿಂತ ಸುಮಾರು ಶೇ. 85ರಷ್ಟು ತಗ್ಗಿತು. ಯಾರಿಗೂ ಉಪದೇಶ ಮಾಡಿರಲಿಲ್ಲ, ಯಾರನ್ನೂ ಹುರಿದುಂಬಿಸಿರಲಿಲ್ಲ. ನೆತ್ತಿಯ ಮೇಲಿನ ಬಿಸಿ ಇಳಿಯಿತು, ಅಷ್ಟೇ.

ಎರಡನೆಯದು ತರಬೇತಿಯ ಕಥೆ. ಸಮಯ ಹೊಂದಿಸಿಕೊಳ್ಳುವುದು, ಎದುರಿನವರೊಡನೆ ಸ್ಪಷ್ಟವಾಗಿ ಮಾತಾಡುವುದು, ಹಣಕಾಸಿನ ಲೆಕ್ಕ, ಸಮಸ್ಯೆ ಬಿಡಿಸುವುದು ಇವನ್ನೆಲ್ಲ ಹೆಣ್ಣುಮಕ್ಕಳಿಗೆ ಕೆಲಸದ ಅವಧಿಯಲ್ಲೇ ಕಲಿಸುವ ಕಾರ್ಯಕ್ರಮ. ಚೀಟಿ ಎತ್ತಿ ಆಯ್ದವರಿಗೆ ತರಬೇತಿ ಸಿಕ್ಕಿತು, ಉಳಿದವರಿಗೆ ಇಲ್ಲ. ಮುಗಿದ ಮೇಲೆ ಹೋಲಿಸಿದರೆ ತರಬೇತಿ ಪಡೆದವರ ಉತ್ಪಾದಕತೆ ಶೇ. 13.5 ಹೆಚ್ಚು, ಕಷ್ಟದ ಕೆಲಸಗಳೂ ಅವರಿಗೆ ಸಿಗತೊಡಗಿದವು. ಕಂಪನಿ ಹಾಕಿದ ಹಣಕ್ಕೆ ಎಂಟು ತಿಂಗಳಲ್ಲಿ ಬಂದ ನಿವ್ವಳ ಲಾಭ ಶೇ. 250ಕ್ಕೂ ಮೇಲೆ. ಇದನ್ನು ಎಲ್ಲ ಎಚ್‌ಆರ್ ಸಮ್ಮೇಳನಗಳಲ್ಲೂ ಹೇಳಬಹುದು. ಅದೇ ಸಂಶೋಧನೆಯ ಇನ್ನೊಂದು ಅಂಕಿಯನ್ನೂ ಜೊತೆಗೆ ಹೇಳಬೇಕು: ಆ ಹೆಣ್ಣುಮಕ್ಕಳ ಸಂಬಳ ಏರಿದ್ದು ಶೇ. 0.5. ಕಲಿತದ್ದು ಅವರು, ಬೆಳೆದದ್ದು ಅವರ ಆತ್ಮವಿಶ್ವಾಸ, ಗಂಟು ಸೇರಿದ್ದು ಕಂಪನಿಯ ಖಾತೆಗೆ. ಎಲ್ಲರಿಗೂ ಲಾಭ ಎಂದು ಹೇಳುವ ಯಾವ ಕ್ಷೇಮ ಯೋಜನೆಯಲ್ಲೂ ಹಂಚಿಕೆಯ ಲೆಕ್ಕ ಕೇಳುವ ಅಭ್ಯಾಸ ಒಳ್ಳೆಯದು.

ಮೂರನೆಯದು ನನಗೆ ಹೆಚ್ಚು ಮುಖ್ಯವೆನಿಸಿದ್ದು. ಕಾರ್ಮಿಕರು ನಿರೀಕ್ಷಿಸಿದಷ್ಟು ಸಂಬಳ ಏರದೆ ನಿರಾಸೆ ಕವಿದಿದ್ದ ಹೊತ್ತಿನಲ್ಲಿ ಕೆಲವರನ್ನು ಚೀಟಿ ಎತ್ತಿ ಆಯ್ದು, ಹೆಸರು ಹೇಳಬೇಕಿಲ್ಲದ ಸಮೀಕ್ಷೆ ನಡೆಸಿದರು. ಕೆಲಸದ ಪರಿಸ್ಥಿತಿ ಹೇಗಿದೆ, ಸೂಪರ್‌ವೈಸರ್ ಹೇಗೆ, ಒಟ್ಟಾರೆ ತೃಪ್ತಿ ಇದೆಯೇ ಎಂದು ಕೇಳಿದರು. ಕೇಳಿಸಿಕೊಂಡದ್ದು ಅಷ್ಟೇ, ಸಂಬಳ ಏರಿಸಲಿಲ್ಲ. ಹಾಗಿದ್ದೂ ಮಾತಾಡುವ ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟವರೂ ಗೈರುಹಾಜರಾದವರೂ ಕಡಿಮೆ. ಅತಿ ಹೆಚ್ಚು ನಿರಾಸೆಗೊಂಡಿದ್ದವರಲ್ಲಿ ಈ ಪರಿಣಾಮ ಇನ್ನೂ ಜೋರು. ಈ ಫಲಿತಾಂಶವನ್ನು ಎರಡು ರೀತಿ ಓದಬಹುದು. ಆಲಿಸುವುದಕ್ಕೆ ಅಷ್ಟು ಶಕ್ತಿಯಿದೆ ಎಂದು ಒಂದು. ಬಾಯಿಮಾತಿನಲ್ಲೇ ಮುಗಿಸಿಬಿಡುವ ದಾರಿ ಸಿಕ್ಕಿತು ಎಂದು ಇನ್ನೊಂದು. ಎರಡನೇ ಬಾರಿ, ಮೂರನೇ ಬಾರಿ ಕೇಳಿ ಏನೂ ಮಾಡದಿದ್ದರೆ ಅದೇ ಹೆಣ್ಣುಮಕ್ಕಳು ಏನು ಮಾಡುತ್ತಿದ್ದರು ಎಂದು ಆ ಪ್ರಯೋಗ ಹೇಳುವುದಿಲ್ಲ.

ಯಾರೂ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 2016ರ ಏಪ್ರಿಲ್ ಇದೆ. ಉದ್ಯೋಗದಾತರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಹೊರಡಿಸಿದ್ದ ಆದೇಶದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಏಪ್ರಿಲ್ 18ರಂದು ರಸ್ತೆಗೆ ಬಂದರು. ಹೊಸೂರು ರಸ್ತೆ ಬಂದ್ ಆಯಿತು. ದೊಡ್ಡ ನಾಯಕರು ಕರೆ ಕೊಟ್ಟಿರಲಿಲ್ಲ. ಈ ಕೆಲಸದಲ್ಲಿ ನಲವತ್ತು ದಾಟಿದ ಮೇಲೆ ಉಳಿಯುವವರು ಕಡಿಮೆ. ಪಿಎಫ್ ಎಂದರೆ ಅವರಿಗೆ ಮಗಳ ಮದುವೆ, ಮನೆಯ ಭೋಗ್ಯ, ಆಸ್ಪತ್ರೆ ಖರ್ಚು. ಮರುದಿನವೇ ಕೇಂದ್ರ ಆದೇಶ ಹಿಂಪಡೆಯಿತು. ಕಾರ್ಮಿಕರ ಹಣದ ನಿಯಮವೊಂದು ಬದಲಾಗುತ್ತಿದೆ ಎಂದು ಅವರದೇ ಭಾಷೆಯಲ್ಲಿ ಕೂರಿಸಿ ತಿಳಿಸುವ, ಅವರು ಹೇಳಿದ್ದನ್ನು ಮೇಲಕ್ಕೆ ಮುಟ್ಟಿಸುವ ವ್ಯವಸ್ಥೆ ಅಷ್ಟು ಫ್ಯಾಕ್ಟರಿಗಳಲ್ಲಿ ಎಲ್ಲಿ ಹೋಗಿತ್ತು?

ಐಟಿ: ರೇಟಿಂಗ್, ಗಂಟೆ, ಮನೆ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಂಟೆಗೊಂದು ಬೋರ್ಡು ಇಲ್ಲ. ವರ್ಷಕ್ಕೊಂದು ರೇಟಿಂಗ್ ಇದೆ. ತಂಡದಲ್ಲಿ ಇಷ್ಟೇ ಜನ ಉತ್ತಮರು, ಇಷ್ಟು ಜನ ಕಳಪೆಯವರು ಇರಲೇಬೇಕು ಎಂದು ಮೊದಲೇ ಪಾಲು ಗೊತ್ತುಮಾಡುವ ‘ಬೆಲ್ ಕರ್ವ್’ ಪದ್ಧತಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜ್ಯಾಕ್ ವೆಲ್ಚ್ ಹೆಸರು ತಂದುಕೊಟ್ಟ. ಎಲ್ಲರೂ ಚೆನ್ನಾಗಿ ಕೆಲಸ ಮಾಡಿದರೂ ಒಬ್ಬ ಕೆಳಗೆ ಬೀಳಲೇಬೇಕು. ಪಕ್ಕದ ಕುರ್ಚಿಯವನಿಗೆ ಸಹಾಯ ಮಾಡಿದರೆ ನನ್ನ ಕುರ್ಚಿಗೇ ಕುತ್ತು ಎಂಬ ಲೆಕ್ಕಾಚಾರ ಅಲ್ಲಿಂದ ಶುರು. ಮೈಕ್ರೋಸಾಫ್ಟ್ 2013ರಲ್ಲಿ ಇದನ್ನು ಕೈಬಿಟ್ಟಿತು, ಆಮೇಲೆ ಹಲವು ಐಟಿ ಕಂಪನಿಗಳೂ ಬಿಟ್ಟವು. ಹೆಸರು ಹೋದರೂ ಅಭ್ಯಾಸ ಪೂರ್ತಿ ಹೋಗಿಲ್ಲ ಎಂದು ಅಪ್ರೈಸಲ್ ತಿಂಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಂಬಿಕೆ ಎಂಬ ಎಳೆಯನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಕಡಿಯುವ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ.

ಗಂಟೆಗಳ ವಿಚಾರದಲ್ಲಿ ಪುರಾವೆ ಸ್ಪಷ್ಟ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2016ರಲ್ಲಿ ದೀರ್ಘ ದುಡಿಮೆಗೆ ತಳುಕು ಹಾಕಿಕೊಂಡ ಪಾರ್ಶ್ವವಾಯು ಮತ್ತು ಹೃದ್ರೋಗದಿಂದ ಸತ್ತವರು 7,45,000. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35, ಹೃದ್ರೋಗದಿಂದ ಸಾಯುವ ಅಪಾಯ ಶೇ. 17 ಹೆಚ್ಚು. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಎದ್ದ ಚರ್ಚೆ ಹೆಚ್ಚಾಗಿ ದೇಶಭಕ್ತಿ ಮತ್ತು ಸೋಮಾರಿತನದ ಸುತ್ತ ಸುತ್ತಿತು. ಈ ಎರಡು ಅಂಕಿಗಳನ್ನು ಯಾರಾದರೂ ಮೇಜಿನ ಮೇಲಿಟ್ಟಿದ್ದರೆ ಮಾತು ಬೇರೆ ದಾರಿ ಹಿಡಿಯಬಹುದಿತ್ತು.

ಕರ್ನಾಟಕದ ಐಟಿ ಉದ್ಯಮಕ್ಕೆ ಸೇವಾ ನಿಯಮಗಳ ಕಾಯ್ದೆಯಿಂದ, ಅಂದರೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಸಿಗುತ್ತ ಬಂದಿತ್ತು. 2019ರಲ್ಲಿ ಐದು ವರ್ಷ, 2024ರಲ್ಲಿ ಮತ್ತೆ ಐದು ವರ್ಷ. ಅದಕ್ಕೆ ಷರತ್ತುಗಳೂ ಇದ್ದವು: ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ, ನೌಕರರ ಪ್ರತಿನಿಧಿಗಳೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ, ಅಮಾನತು ಅಥವಾ ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ಮಾಹಿತಿ. ತಮ್ಮ ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ನೌಕರರ ಪರ ಯಾರಿದ್ದಾರೆ ಎಂದು ಕೇಳಿದರೆ ಉತ್ತರಿಸಬಲ್ಲ ಎಂಜಿನಿಯರ್‌ಗಳು ಬಹಳ ವಿರಳ. 2024ರಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ದಾರಿಯಾಗುವ ತಿದ್ದುಪಡಿಯ ಪ್ರಸ್ತಾವ ಬಂದಾಗ ಅದನ್ನು ವಿರೋಧಿಸಿ ನಿಂತದ್ದು 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ಕೆಐಟಿಯು.

ಹಿಡಿತ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಚೀನಾದ ಟ್ರಿಪ್ ಡಾಟ್ ಕಾಮ್. ಅಲ್ಲಿ 1,612 ನೌಕರರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಬಿಟ್ಟರು, ಇನ್ನೊಂದು ಗುಂಪಿಗೆ ಇಲ್ಲ. ನಿಕೋಲಸ್ ಬ್ಲೂಮ್ ಮತ್ತಿತರರು 2024ರಲ್ಲಿ ಪ್ರಕಟಿಸಿದ ಫಲಿತಾಂಶ: ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ಇಳಿಯಿತು. ಕೆಲಸದ ಗುಣಮಟ್ಟದಲ್ಲಿ, ಬಡ್ತಿಯಲ್ಲಿ ಎರಡು ವರ್ಷ ನೋಡಿದರೂ ವ್ಯತ್ಯಾಸ ಇಲ್ಲ. ಇದರಿಂದ ಕೆಲಸ ಕೆಡುತ್ತದೆ ಎಂದು ಮೊದಲು ಅಂದಾಜಿಸಿದ್ದ ಮ್ಯಾನೇಜರ್‌ಗಳೇ ಕೊನೆಗೆ ಅಭಿಪ್ರಾಯ ಬದಲಿಸಿದರು. ಔಟರ್ ರಿಂಗ್ ರೋಡಿನಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ನೀತಿಯೇ ಅಪರಾಧವಾದಾಗ

ಫ್ರಾನ್ಸ್ ಟೆಲಿಕಾಂನ ಪ್ರಕರಣ ಎಚ್‌ಆರ್ ಓದುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಸರ್ಕಾರಿ ಸಂಸ್ಥೆಯಾಗಿದ್ದ ಅದು ಖಾಸಗಿಯಾದ ಮೇಲೆ ಮೂರು ವರ್ಷಗಳಲ್ಲಿ 22,000 ಹುದ್ದೆ ಕಡಿಮೆ ಮಾಡಲು ಹೊರಟಿತು. ಅವರಲ್ಲಿ ಬಹುತೇಕರು ಸರ್ಕಾರಿ ನೌಕರಿಯ ಭದ್ರತೆಯಿದ್ದವರು, ವಜಾ ಮಾಡುವಂತಿಲ್ಲ. ತಾವಾಗಿಯೇ ಬಿಟ್ಟುಹೋಗುವಂತೆ ಮಾಡುವುದೊಂದೇ ದಾರಿಯಾಯಿತು: ದೂರದ ಊರಿಗೆ ವರ್ಗಾವಣೆ, ಅನುಭವಕ್ಕೆ ಸಂಬಂಧವಿಲ್ಲದ ಕೆಲಸ, ಒಬ್ಬಂಟಿಯಾಗಿಸುವುದು. ಎಷ್ಟು ಜನ ಬಿಟ್ಟರು ಎಂಬುದು ಮ್ಯಾನೇಜರ್‌ಗಳ ಗುರಿಯಾಯಿತು. 2008, 2009ರಲ್ಲಿ ಅಲ್ಲಿನ ನೌಕರರ ಆತ್ಮಹತ್ಯೆಗಳ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. 2019ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ನ್ಯಾಯಾಲಯ ಮಾಜಿ ಮುಖ್ಯಸ್ಥ ಡಿಡಿಯೆ ಲೊಂಬಾರ್ ಮತ್ತು ಇತರ ಅಧಿಕಾರಿಗಳನ್ನು ‘ಸಾಂಸ್ಥಿಕ ಮಾನಸಿಕ ಕಿರುಕುಳ’ದ ತಪ್ಪಿತಸ್ಥರೆಂದು ಘೋಷಿಸಿ, ಕಂಪನಿಗೆ 75,000 ಯೂರೊ ದಂಡ ಹಾಕಿತು. ಲೊಂಬಾರ್ ಯಾವ ನೌಕರನಿಗೂ ಎದುರು ನಿಂತು ಬೈದಿರಬೇಕಿಲ್ಲ. ಒಂದು ನೀತಿಯೇ ಕಿರುಕುಳವಾಗಬಲ್ಲದು ಎಂದು ನ್ಯಾಯಾಲಯ ಒಪ್ಪಿತು. 2025ರ ಜನವರಿಯಲ್ಲಿ ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ನಮ್ಮಲ್ಲಿ ‘ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಬರುತ್ತದೆ’ ಎಂದು ಮೀಟಿಂಗ್ ರೂಮಿಗೆ ಕರೆದು ಹೇಳುವವರು ಈ ತೀರ್ಪನ್ನು ಒಮ್ಮೆ ಓದುವುದು ಒಳಿತು.

ಯೋಗ ತರಗತಿಯ ಲೆಕ್ಕ

ಕ್ಷೇಮ ಕಾರ್ಯಕ್ರಮಗಳಿಂದ ಏನೂ ಉಪಯೋಗವಿಲ್ಲವೇ? ಎರಡು ದೊಡ್ಡ ಅಮೆರಿಕನ್ ಪ್ರಯೋಗಗಳು 2019ರಲ್ಲಿ ಬಹುತೇಕ ಹಾಗೆಯೇ ಹೇಳಿದವು. ಇಲಿನಾಯ್ ವಿಶ್ವವಿದ್ಯಾಲಯದ ನೌಕರರಲ್ಲಿ ನಡೆದದ್ದು ಒಂದು, ಚಿಲ್ಲರೆ ಮಳಿಗೆಗಳ ಸರಪಳಿಯೊಂದರ ಸುಮಾರು 33,000 ನೌಕರರಲ್ಲಿ ನಡೆದದ್ದು ಇನ್ನೊಂದು. ಆರೋಗ್ಯದ ಅಳತೆಗಳಲ್ಲಾಗಲಿ, ಚಿಕಿತ್ಸೆಯ ಖರ್ಚಿನಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಸಿಗಲಿಲ್ಲ. ಇಂಥ ಕಾರ್ಯಕ್ರಮಗಳಿಗೆ ತಾವಾಗಿ ಹೋಗುವವರು ಮೊದಲೇ ಆರೋಗ್ಯವಂತರು. ಹಳೆಯ ಅಧ್ಯಯನಗಳು ಕಂಡಿದ್ದ ಲಾಭದ ಗುಟ್ಟು ಅದೇ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ನೋಡಿದ. ಧ್ಯಾನದ ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ ಇವುಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಸುಖವಾಗೇನೂ ಇರಲಿಲ್ಲ. ಸ್ವಯಂಸೇವೆಗೆ ಅವಕಾಶ ಸಿಕ್ಕವರು ಮಾತ್ರ ಸ್ವಲ್ಪ ಭಿನ್ನ.

ಯೋಗ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಹನ್ನೆರಡು ಗಂಟೆ ಕೂರಿಸಿ, ಹದಿಮೂರನೇ ಗಂಟೆಗೆ ಪ್ರಾಣಾಯಾಮ ಹೇಳಿಕೊಟ್ಟರೆ ಅದು ಕೆಲಸ ಮಾಡುವುದಿಲ್ಲ, ಅಷ್ಟೇ.

ಹೆರಿಗೆ, ಕೂಸು, ಮುಟ್ಟು

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದು, ಹಣದ ವ್ಯವಸ್ಥೆ ಓರೆ. ಇಎಸ್‌ಐ ವ್ಯಾಪ್ತಿಯವರಿಗೆ ಹೆರಿಗೆ ಸಂಬಳವನ್ನು ನಿಗಮ ಕೊಡುತ್ತದೆ. ಉಳಿದವರ ಪೂರ್ತಿ ಹೊರೆ ಉದ್ಯೋಗದಾತರ ತಲೆಯ ಮೇಲೆ. ಹೀಗಾಗಿ ‘ಮದುವೆ ಆಗಿದೆಯೇ, ಪ್ಲಾನ್ ಏನು’ ಎಂದು ಇಂಟರ್‌ವ್ಯೂನಲ್ಲಿ ಕೇಳುವ ಚಾಳಿಗೆ ಕಾನೂನೇ ತನಗರಿವಿಲ್ಲದೆ ಇಂಧನ ಹಾಕಿತು. ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ ವರ್ಷಕ್ಕೆ 12 ದಿನಗಳ ಸಂಬಳಸಹಿತ ಮುಟ್ಟಿನ ರಜೆಗೂ ಇದೇ ಪರೀಕ್ಷೆ ಕಾದಿದೆ. ಸರ್ಕಾರಿ ಕಚೇರಿಯಿಂದ ಗಾರ್ಮೆಂಟ್ಸ್‌ವರೆಗೆ ಅದು ಅನ್ವಯ. ಗಂಟೆಯ ಟಾರ್ಗೆಟ್ ಇರುವ ಲೈನಿನಲ್ಲಿ, ಗಂಡಸು ಸೂಪರ್‌ವೈಸರ್‌ನ ಮುಂದೆ ನಿಂತು ಈ ರಜೆ ಕೇಳುವುದು ಹೇಗೆ ಎಂಬುದನ್ನು ಆಯಾ ಫ್ಯಾಕ್ಟರಿಯ ಎಚ್‌ಆರ್ ಬಿಡಿಸಬೇಕು.

ಎಚ್‌ಆರ್ ಇಲ್ಲದ ಕೆಲಸ

ಸ್ವಿಗ್ಗಿ, ಜೊಮ್ಯಾಟೊ, ಊಬರ್ ದುಡಿಮೆಗಾರರಿಗೆ ಪಾಳಿ ಹಂಚುವುದು, ಸಂಬಳ ಗೊತ್ತುಮಾಡುವುದು, ಐಡಿ ಬ್ಲಾಕ್ ಮಾಡುವುದು ಎಲ್ಲ ಆ್ಯಪ್. ಎದುರು ಕೂತು ಕೇಳಲು ಮನುಷ್ಯರಿಲ್ಲ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಇಲ್ಲಿ ಮಹತ್ವದ್ದು. ಪ್ರತಿ ಆರ್ಡರಿನಲ್ಲಿ ದುಡಿಮೆಗಾರನಿಗೆ ಸಲ್ಲುವ ಮೊತ್ತದ ಮೇಲೆ ಕಂಪನಿ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕೊಡಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟಿಸ್ ಕೊಡಬೇಕು. ಅಲ್ಗಾರಿದಮ್ ಹೇಗೆ ನಿರ್ಧರಿಸುತ್ತದೆ ಎಂಬುದನ್ನು ದುಡಿಯುವವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಕರಾಸೆಕ್ ಹೇಳಿದ ಹಿಡಿತದ ಮಾತು ಇಲ್ಲಿ ಕಾನೂನಿನ ಕಲಮಾಗಿದೆ.

ಕೆಲಸಕ್ಕೆ ಸೇರುವವರಿಗೆ

ಆಫರ್ ಲೆಟರ್ ಕೈಗೆ ಬಂದಾಗ ವಾರ್ಷಿಕ ಪ್ಯಾಕೇಜಿನ ಕೆಳಗಿನ ಸಾಲುಗಳನ್ನೂ ಓದಿ. ನೋಟಿಸ್ ಅವಧಿ ಎಷ್ಟು, ಹೆಚ್ಚುವರಿ ದುಡಿಮೆಗೆ ಹಣವೋ ಬದಲಿ ರಜೆಯೋ, ಪಾಳಿ ಪಟ್ಟಿ ಎಷ್ಟು ದಿನ ಮುಂಚೆ ಸಿಗುತ್ತದೆ, ಪಿಎಫ್ ಯಾವ ಮೊತ್ತದ ಮೇಲೆ ಕಟ್ಟುತ್ತಾರೆ ಎಂದು ಕೇಳಿ. ಅದೇ ತಂಡದಲ್ಲಿ ಹಿಂದೆ ಇದ್ದವರು ಏಕೆ ಬಿಟ್ಟರು ಎಂದು ವಿಚಾರಿಸಿ. ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಕಚೇರಿಯಲ್ಲೂ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು, ಅದರ ಆದೇಶ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಿರಬೇಕು. ಮೊದಲ ದಿನ ಗೋಡೆಯ ಮೇಲೆ ಅದನ್ನು ಹುಡುಕಿ. ಸಿಗದಿದ್ದರೆ ಆ ಕಂಪನಿಯ ಬಗ್ಗೆ ಬೇಕಾದಷ್ಟು ತಿಳಿದಂತೆಯೇ. ಕೆಲಸದ ಭಾರದಿಂದ ನಿದ್ದೆ, ಊಟ ಕೆಟ್ಟು, ಆಫೀಸಿನಲ್ಲಿ ಯಾರಿಗೂ ಹೇಳಲಾಗದ ಸ್ಥಿತಿ ಬಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.